ಹಾಸಿಗೆಯ ಪಕ್ಕದ ಧ್ವನಿ

ಶಿಷ್ಯ ಚೆನ್ನವೀರ ಕೇಳಿದ: “ಗುರುಗಳೇ, ಊರಿನಲ್ಲಿ ತಾಯಿಗೆ ಕಾಯಿಲೆ. ನಾನು ಇಲ್ಲಿದ್ದುಕೊಂಡೇ ಫೋನಿನಲ್ಲಿ ದಿನವೂ ಅವಳನ್ನು ನೋಡಬಹುದು, ಮಾತಾಡಿಸಬಹುದು. ಅಷ್ಟಾದರೆ ಸಾಲದೇ?”

ಗುರುಗಳು ಒಂದು ಕತೆ ಹೇಳತೊಡಗಿದರು.

ಶಂಭುಲಿಂಗ ಎಂಬ ಬೀಜದ ವ್ಯಾಪಾರಿ ಇದ್ದ. ಅವನ ಹೆಂಡತಿ ನೀಲವ್ವ ಹಾಸಿಗೆ ಹಿಡಿದಳು. ಮಕ್ಕಳಿರಲಿಲ್ಲ. ಮನೆ ಊರಿನ ಒಂದು ತುದಿಗೆ, ಅಂಗಡಿ ಇನ್ನೊಂದು ತುದಿಗೆ. ಅಡುಗೆಯ ಹೆಂಗಸು ಬೆಳಿಗ್ಗೆ ಬಂದು ಗಂಜಿ ಮಾಡಿಟ್ಟು ಹೋಗುತ್ತಿದ್ದಳು. ಆಮೇಲೆ ನೀಲವ್ವ ಒಬ್ಬಳೇ.

ವ್ಯಾಪಾರಿ ಮೊದಮೊದಲು ಮಧ್ಯಾಹ್ನ ಮನೆಗೆ ಓಡಿಬರುತ್ತಿದ್ದ. ಗಿರಾಕಿಗಳು ಕಾದು ಬೇರೆ ಅಂಗಡಿಗೆ ಹೋದರು. ಆಗ ಅವನು ಒಂದು ಉಪಾಯ ಹುಡುಕಿದ. ಅಂಗಡಿಯಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಮೈಕು, ಸ್ಪೀಕರು ಇದ್ದವು, ಕ್ಯಾಮೆರಾ ಇರಲಿಲ್ಲ. ಅವನು ತನ್ನ ಸ್ಮಾರ್ಟ್‌ಫೋನನ್ನು ಹೆಂಡತಿಯ ದಿಂಬಿನ ಬಳಿ ನಿಲ್ಲಿಸಿ, ಅದರ ಕ್ಯಾಮೆರಾ, ಮೈಕು, ಸ್ಪೀಕರುಗಳನ್ನು ಇಂಟರ್ನೆಟ್ಟಿನ ಮೂಲಕ ಆ ಕಂಪ್ಯೂಟರಿಗೆ ಜೋಡಿಸಿದ. ಕಂಪ್ಯೂಟರಿಗೆ ಈಗ ಮನೆಯಲ್ಲಿ ಕಣ್ಣು ಬಂತು, ಕಿವಿ ಬಂತು. ಅವನು ಅಂಗಡಿಯಲ್ಲಿ ಆಡಿದ ಮಾತು ಹಾಸಿಗೆಯ ಪಕ್ಕದಲ್ಲಿ ಕೇಳುತ್ತಿತ್ತು, ಅವನ ಮುಖ ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ.

“ಗಂಜಿ ಕುಡಿದೆಯಾ?” ಎನ್ನುತ್ತಿದ್ದ. “ಮಾತ್ರೆ ನುಂಗಿದೆಯಾ?” ಎನ್ನುತ್ತಿದ್ದ. ಅವಳು ಹೂಂ ಎಂದರೆ ಗಿರಾಕಿಯ ಕಡೆ ತಿರುಗುತ್ತಿದ್ದ.

ಮಧ್ಯಾಹ್ನ ಮನೆಗೆ ಬರುವುದು ನಿಂತಿತು. ಬಿತ್ತನೆಯ ಕಾಲ ಬಂದಾಗ ಅಂಗಡಿಯಲ್ಲೇ ಮಲಗತೊಡಗಿದ. ತೆರೆಯ ಮೇಲೆ ಅವಳು ಕಾಣುತ್ತಲೇ ಇದ್ದಳು. ಅವನ ಮನಸ್ಸಿಗೆ ಸಮಾಧಾನವಾಗಿತ್ತು.

ಒಂದು ದಿನ ಬೆಳಿಗ್ಗೆಯೇ ಅಂಗಡಿಯ ಬೀದಿಯಲ್ಲಿ ಕರೆಂಟು ಹೋಯಿತು. ಕಂಪ್ಯೂಟರ್ ಆರಿತು. ಮಧ್ಯಾಹ್ನವಾದರೂ ಕರೆಂಟು ಬರಲಿಲ್ಲ. ಪಾಪ, ಇಷ್ಟು ಹೊತ್ತು ಮಾತಿಲ್ಲದೆ ಮಲಗಿದ್ದಾಳೆ ಎಂದುಕೊಂಡು ವ್ಯಾಪಾರಿ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದ.

ಹೊಸ್ತಿಲಲ್ಲೇ ನೀಲವ್ವನ ನಗು ಕೇಳಿಸಿತು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ ಅವನಿಗೆ ತಿಳಿಯದು. ನಗುವಿನ ಹಿಂದೆಯೇ ಒಂದು ಗಂಡು ಧ್ವನಿ.

“ಮದುವೆಯಾದ ವರ್ಷ ತೆಪ್ಪದಲ್ಲಿ ಹೊಳೆ ದಾಟಿದೆವಲ್ಲ, ನೆನಪಿದೆಯಾ? ದಡ ಸೇರಿದರೂ ನೀನು ನನ್ನ ಪಂಚೆಯ ತುದಿ ಬಿಟ್ಟಿರಲಿಲ್ಲ.”

ಅದು ಅವನದೇ ಧ್ವನಿ. ಫೋನಿನಿಂದ ಬರುತ್ತಿತ್ತು. ಆ ಹೊಳೆಯನ್ನು ಅವನು ಮರೆತೇಬಿಟ್ಟಿದ್ದ.

“ನೀಲಾ, ನಾನು ಬಂದಿದ್ದೇನೆ” ಎಂದ.

ಅವಳು ತಿರುಗಿ ನೋಡಿದಳು. ನೋಟದಲ್ಲಿ ಗುರುತಿರಲಿಲ್ಲ. “ಸ್ವಲ್ಪ ಕೂತಿರಿ ಅಣ್ಣಾ. ಇವರು ಮಾತಾಡುತ್ತಿದ್ದಾರೆ” ಎಂದಳು.

“ಯಾರು ಬಂದವರು?” ಎಂದಿತು ಫೋನು.

“ಯಾರೋ, ನಿಮ್ಮ ಹತ್ತಿರ ಬೀಜಕ್ಕೆ ಬಂದಿರಬೇಕು.”

ವ್ಯಾಪಾರಿ ಫೋನನ್ನು ಕಿತ್ತುಕೊಂಡು ಆರಿಸಿದ. ಕೋಣೆ ನಿಶ್ಶಬ್ದವಾಯಿತು. ನೀಲವ್ವ ಮುಖ ಮುಚ್ಚಿಕೊಂಡು ಅತ್ತಳು. “ಅವರನ್ನು ಯಾಕೆ ಕಳಿಸಿಬಿಟ್ಟಿರಿ?”

ಅವನು ಅಂಗಡಿಗೆ ಓಡಿದ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಕತ್ತಲೆ. ಕಂಪ್ಯೂಟರಿನ ತೆರೆ ಕಪ್ಪಗಿತ್ತು. ಕರೆಂಟು ಇನ್ನೂ ಬಂದಿರಲಿಲ್ಲ.

ಮರುದಿನದಿಂದ ಅವನು ಅಂಗಡಿ ತೆರೆಯಲಿಲ್ಲ. ಹೆಂಡತಿಯ ಬಳಿಯೇ ಕೂತ. ಮೈ ಒರೆಸಿದ, ತಲೆ ಬಾಚಿದ, ಹೊಳೆಯ ಕತೆಯನ್ನು ತಾನೇ ಹೇಳಿ ನೋಡಿದ. ಅವಳು ವಿನಯದಿಂದ ಕೇಳಿದಳು, ಅವನ ಕೈಯಿಂದಲೇ ಗಂಜಿ ಕುಡಿದಳು. “ನಿಮಗೆ ತೊಂದರೆ ಕೊಡುತ್ತಿದ್ದೇನೆ ಅಣ್ಣಾ” ಎಂದಳು. ಪ್ರತಿದಿನ ದಿಂಬಿನ ಪಕ್ಕ ಕೈಯಾಡಿಸಿ, ಅವರು ಯಾವಾಗ ಮಾತಾಡುತ್ತಾರೆ ಎಂದು ಕೇಳಿದಳು. ಸುಗ್ಗಿಗೆ ಮೊದಲೇ ತೀರಿಕೊಂಡಳು. ಕೊನೆಯವರೆಗೂ ಅವನನ್ನು ಅಣ್ಣಾ ಎಂದೇ ಕರೆದಳು.

ಗುರುಗಳು ನಿಲ್ಲಿಸಿದರು. ಚೆನ್ನವೀರ ಕೇಳಿದ:

“ಗುರುಗಳೇ, ಹಾಗಾದರೆ ಆ ಫೋನಿನಲ್ಲಿ ಮಾತಾಡುತ್ತಿದ್ದವನು ಯಾರು?”

“ಅವಳ ಗಂಡ” ಎಂದರು ಗುರುಗಳು.

ಶಿಷ್ಯ ಎದ್ದು ಊರಿಗೆ ಹೊರಟ.