ಅರಸನ ಮುಂದೆ ‘ಒಲ್ಲೆ’ ಎಂದ ಲಾಳದ ಮಾಚ

“ಕೇಳಿರಪ್ಪಾ ಕೇಳಿ! ಅರಸ ಬೊಮ್ಮರಸರ ಮೂರು ಒಗಟು ಬಿಡಿಸಿದವನಿಗೆ ಕೇಳಿದ ಹುದ್ದೆ. ದಂಡನಾಯಕನಾಗುತ್ತಾನೋ ಮಂತ್ರಿಯಾಗುತ್ತಾನೋ ಅವನ ಇಷ್ಟ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ!”

ಕೆಂಗೋಟೆಯಲ್ಲಿ ಹೀಗೆ ಡಂಗುರ ಸಾರಿ ಮೂರು ವಾರವಾಗಿತ್ತು. ಅಷ್ಟರಲ್ಲಿ ಬಾಗಿಲ ಮೇಲೆ ಹನ್ನೊಂದು ತಲೆ ಏರಿದ್ದವು. ಕೊನೆಯದು ನಿಂಗಣ್ಣನದು. ಅವನ ತಮ್ಮ ಮಾಚ ಕುದುರೆಗಳಿಗೆ ಲಾಳ ಕಟ್ಟಿ, ಗೊರಸಿನ ಹುಣ್ಣು ಕೊಯ್ದು ಮದ್ದು ಹಾಕಿ ಬದುಕುವವನು. ಅಣ್ಣನ ಹೆಣ ಕೊಡಿ ಎಂದು ಕೇಳಲು ಬಂದಾಗ ಕಾವಲಿನವನು ಭರ್ಜಿಯ ಹಿಡಿಯಿಂದ ಅವನ ಬಾಯಿಗೆ ತಿವಿದ. ಎರಡು ಹಲ್ಲು ಉದುರಿದವು.

“ಅರಸರ ಹತ್ತಿರ ಏನಾದರೂ ಕೇಳಬೇಕಿದ್ದರೆ ಒಗಟು ಬಿಡಿಸಿ ಕೇಳು,” ಎಂದ.

ಮಾಚ ರಕ್ತ ಉಗಿದು ಒಳಕ್ಕೆ ನಡೆದ.

ಅಂಗಳದಲ್ಲಿ ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು. ಒಬ್ಬ ಹಂಪಣ್ಣ, ಹತ್ತು ಯುದ್ಧ ಕಂಡವನು. ಇನ್ನೊಬ್ಬ ದೇವರಸ, ಓದಿದವನು. ನಡುವೆ ಮರದ ದಿಮ್ಮಿ. ಅದರ ಪಕ್ಕದಲ್ಲಿ ತಲೆ ಕಡಿಯುವವನು ಕತ್ತಿ ಒರೆಸುತ್ತಿದ್ದ.

ಯಾವ ಹುದ್ದೆ ಬೇಕೆಂದು ಅರಸ ಮೊದಲೇ ಕೇಳಿದ.

“ದಂಡನಾಯಕನ ಹುದ್ದೆ. ನಮ್ಮಪ್ಪನೂ ಅದೇ ಆಗಿದ್ದ,” ಎಂದ ಹಂಪಣ್ಣ.

“ಮಂತ್ರಿ ಪದವಿ. ಎಲ್ಲರೂ ಎದ್ದು ನಿಲ್ಲುತ್ತಾರೆ,” ಎಂದ ದೇವರಸ.

“ಇನ್ನೂ ಯೋಚಿಸಿಲ್ಲ ಬುದ್ಧಿ,” ಎಂದ ಮಾಚ. ಸುತ್ತಲಿದ್ದವರು ನಕ್ಕರು.

ಅರಸ ಮೊದಲ ಒಗಟು ಹಾಕಿದ. “ಎರಡೇ ಅಕ್ಷರದ ಮಾತು. ಅರಸನ ಮುಂದೆ ಅದನ್ನು ಆಡಿದವನ ತಲೆ ಹೋಗುತ್ತದೆ. ಆಡಬೇಕಾದಾಗ ಆಡದೆ ಹೋದವನ ತಲೆ ಉಳಿಯುತ್ತದೆ, ಅವನು ಉಳಿಯುವುದಿಲ್ಲ. ಏನದು?”

“ಯುದ್ಧ,” ಎಂದ ಹಂಪಣ್ಣ.

ಅರಸ ಬೆರಳೆತ್ತಿದ. ನಾಲ್ವರು ಹಂಪಣ್ಣನ ಮೇಲೆ ಬಿದ್ದರು. ಅವನು ಒಬ್ಬನ ತೋಳು ಮುರಿದ, ಇನ್ನೊಬ್ಬನ ಕಿವಿ ಕಚ್ಚಿ ಕಿತ್ತ. ಆದರೂ ದಿಮ್ಮಿಗೆ ಒತ್ತಿಹಿಡಿದರು. ಮೊದಲ ಏಟಿಗೆ ಕುತ್ತಿಗೆ ಅರ್ಧವಷ್ಟೇ ತುಂಡಾಯಿತು. ಬಿಸಿ ರಕ್ತ ಮಾಚನ ಮೊಣಕಾಲಿಗೆ ಸಿಡಿಯಿತು.

ದೇವರಸ ಓಡಿದ. ಭರ್ಜಿ ತೊಡೆಗೆ ನಾಟಿ ಬಿದ್ದವನನ್ನು ಕೂದಲು ಹಿಡಿದು ಎಳೆತಂದರು.

“ನೀನು ಹೇಳೋ,” ಎಂದ ಅರಸ.

ಮಾಚ ಅಂಗಳದಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರಿಗೂ ಈ ಕೊಲೆ ಬೇಡವಾಗಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ.

“‘ಒಲ್ಲೆ’ ಅನ್ನೋ ಮಾತು, ಬುದ್ಧಿ.”

ಅರಸ ಮುಂದಕ್ಕೆ ಬಾಗಿದ. “ಪ್ರತಿಯೊಬ್ಬನ ಮನೆಯಲ್ಲೂ ಅದಿದೆ. ಎಲ್ಲಿದೆಯೆಂದು ಯಜಮಾನನಿಗೇ ತಿಳಿಯದು. ಮನೆಗೆ ಬೆಂಕಿ ಬಿದ್ದ ದಿನ ಕೈ ತಾನಾಗಿ ಅದರತ್ತ ಚಾಚುತ್ತದೆ. ಏನದು?”

“ಅವನಿಗೆ ಎಲ್ಲಕ್ಕಿಂತ ಮೇಲಾದದ್ದು,” ಎಂದ ಮಾಚ. “ದಂಡಿನವರು ನಮ್ಮ ಗುಡಿಸಲು ಸುಟ್ಟಾಗ ನಮ್ಮಪ್ಪ ದುಡ್ಡಿನ ಪೆಟ್ಟಿಗೆ ಬಿಟ್ಟು, ಕಟ್ಟಿದ್ದ ಕುದುರೆಮರಿ ಬಿಚ್ಚೋಕೆ ಒಳಗೆ ಹೋದ. ಮರಿ ಹೊರಗೆ ಬಂತು, ಅಪ್ಪ ಬರಲಿಲ್ಲ. ಅವನಿಗೆ ಯಾವುದು ದೊಡ್ಡದು ಅಂತ ಆವತ್ತೇ ಗೊತ್ತಾಗಿದ್ದು.”

“ಇಬ್ಬರ ಕೈಯಲ್ಲೂ ಕತ್ತಿ. ಇಬ್ಬರೂ ಮಾಂಸ ಕೊಯ್ಯುತ್ತಾರೆ. ಒಬ್ಬನ ಕೈ ತೊಳೆದರೆ ಶುದ್ಧ, ಇನ್ನೊಬ್ಬನದು ಎಷ್ಟು ತೊಳೆದರೂ ಇಲ್ಲ. ಇಬ್ಬರನ್ನೂ ಬೇರೆ ಮಾಡುವುದು ಯಾವುದು?” ಎಂದು ಅರಸ ಕೊನೆಯ ಒಗಟು ಹಾಕಿದ.

ಮಾಚ ತಲೆ ಕಡಿಯುವವನ ಕಡೆ ನೋಡಿ, ತನ್ನ ಕೈ ನೋಡಿಕೊಂಡ. “ಯಾತಕ್ಕೆ ಕೊಯ್ಯುತ್ತೀನಿ ಅನ್ನೋದು. ನಾನೂ ದಿನಾ ಕೊಯ್ಯುತ್ತೀನಿ, ಕುದುರೆ ನಡೀಲಿ ಅಂತ.”

ಅರಸ ಪೀಠದಿಂದ ಇಳಿದು ಬಂದು, ತಲೆ ಕಡಿಯುವವನ ಕತ್ತಿಯನ್ನು ಮಾಚನ ಕೈಗಿಟ್ಟ. “ಮೂರೂ ಸರಿ. ಇಂದಿನಿಂದ ನೀನೇ ದಂಡನಾಯಕ. ಮೊದಲ ಅಪ್ಪಣೆ: ಓಡಲು ನೋಡಿದ ಇವನ ತಲೆ ತೆಗೆ.”

ದೇವರಸ ನೆಲದ ಮೇಲೆ ತೊಡೆ ಒತ್ತಿಹಿಡಿದು ನರಳುತ್ತಿದ್ದ. ಮಾಚ ಕತ್ತಿಯನ್ನು ದಿಮ್ಮಿಯ ಮೇಲಿಟ್ಟು, ತಲೆಯ ವಸ್ತ್ರ ಬಿಚ್ಚಿ ದೇವರಸನ ಗಾಯಕ್ಕೆ ಬಿಗಿದ.

“ಒಲ್ಲೆ ಬುದ್ಧಿ. ತಲೆ ಬೇಕಿದ್ದರೆ ನನ್ನದೂ ತೆಗೆಸಿ.”

ತಲೆ ಕಡಿಯುವವನು ಕತ್ತಿ ಎತ್ತಿಕೊಂಡ. ಅರಸ ಅವನನ್ನು ತಡೆದ.

“ಹೋದ ವರ್ಷ ಕೋಪದಲ್ಲಿ ಒಂದು ಊರು ಸುಡು ಎಂದೆ,” ಎಂದ ಅರಸ. “ದಂಡನಾಯಕ ಸುಟ್ಟ. ನನ್ನ ಮಗಳೂ ಅಲ್ಲಿದ್ದಳು, ಬೆಂದುಹೋದಳು. ಸಾವಿರ ಜನರಲ್ಲಿ ಒಬ್ಬನೂ ಒಲ್ಲೆ ಅನ್ನಲಿಲ್ಲ. ಒಲ್ಲೆ ಅನ್ನುವವನನ್ನು ಹುಡುಕುತ್ತಿದ್ದೆ.”

“ಹುಡುಕೋಕೆ ನಮ್ಮಣ್ಣನನ್ನ ಕೊಂದಿರಿ,” ಎಂದ ಮಾಚ.

ಅರಸ ತಲೆ ತಗ್ಗಿಸಿದ. ದೇವರಸನನ್ನು ಬಿಡಿ, ಬಾಗಿಲ ಮೇಲಿನ ತಲೆಗಳನ್ನು ಇಳಿಸಿ ಹೆಣಗಳೊಡನೆ ಮನೆಯವರಿಗೆ ಒಪ್ಪಿಸಿ, ಡಂಗುರ ನಿಲ್ಲಿಸಿ ಎಂದು ಅಪ್ಪಣೆ ಕೊಟ್ಟ. “ನಿನಗೇನು ಬೇಕು?”

ಈಗ ಮಾಚ ಯೋಚಿಸಬೇಕಾಗಿರಲಿಲ್ಲ. “ಕುದುರೆ ಲಾಯ ಕೊಡಿ. ಗಾಯವಾದ ಪ್ರಾಣಿ ಕಂಡರೆ ನನ್ನ ಕೈ ಸುಮ್ಮನಿರಲ್ಲ. ಅಲ್ಲಿ ಯಾವುದನ್ನು ಬದುಕಿಸಬೇಕು ಅನ್ನೋದರಲ್ಲಿ ನನ್ನ ಮಾತೇ ನಡೀಲಿ.”

ಲಾಯವೂ, ಅದರ ಪಕ್ಕದ ಮನೆಯೂ, ಅರಸನ ಮುಂದೆ ಒಲ್ಲೆ ಎನ್ನುವ ಹಕ್ಕೂ ಅವನದಾದವು.

ಮರುದಿನ ಬೆಳಿಗ್ಗೆ ಅಣ್ಣನನ್ನು ಮಣ್ಣು ಮಾಡಿ ಮಾಚ ನೇರ ಲಾಯಕ್ಕೆ ಬಂದ. ಪಕ್ಕೆಯಲ್ಲಿ ಭರ್ಜಿಯ ಮೊನೆ ಮುರಿದುಳಿದ ಕುದುರೆಯೊಂದು ಬಿದ್ದಿತ್ತು. ಕೈಯಿಟ್ಟ ಕೂಡಲೇ ಅದು ಒದ್ದು ಅವನ ಪಕ್ಕೆಲುಬು ಮುರಿಯಿತು. ಅವನು ಹಿಡಿತ ಬಿಡಲಿಲ್ಲ. ಮೊನೆ ಹೊರಬಂತು. ಕುದುರೆ ತಡವರಿಸಿ ಎದ್ದು ನಿಂತಿತು. ಆಗ ಮಾಚ ಹುಲ್ಲಿನ ಮೇಲೆ ಕುಸಿದು, ಅಣ್ಣನನ್ನು ನೆನೆದು ಮನಸಾರೆ ಅತ್ತ.