ಸದ್ದಿಲ್ಲದ ಮನೆಗೆ ಬಾಡಿಗೆ

ಶ್ರಾವಣದ ಕೊನೆಯ ವಾರ, ಅಮಾವಾಸ್ಯೆಗೆ ಎರಡು ದಿನ ಇರುವಾಗ, ಅಡವಯ್ಯ ತನ್ನ ಗುರುಗಳಿಗೆ ಒಂದು ಪ್ರಶ್ನೆ ಕೇಳಿದ.

"ಗುರುಗಳೇ, ಇನ್ನೂ ಒಲೆ ಉರಿಯುತ್ತಿರುವ ಮನೆಗೆ ದತ್ತಿಯ ಹಣ ಕೊಡುವುದು ಸರಿಯೇ?"

ಪ್ರಶ್ನೆಗೆ ಕಾರಣವಿತ್ತು. ಬಾಡಿಗೆ ಕಟ್ಟಲಾಗದ ಬಡವರ ನೆರವಿಗೆಂದು ಭಕ್ತರೊಬ್ಬರು ಮಠಕ್ಕೆ ದತ್ತಿ ಬಿಟ್ಟಿದ್ದರು. ಅದನ್ನು ಹಂಚುವ ಕೆಲಸ ಆ ವರ್ಷ ಅಡವಯ್ಯನ ಪಾಲಿಗೆ ಬಂದಿತ್ತು. ಆ ದಿನ ಬೆಳಿಗ್ಗೆ ರೊಟ್ಟಿ ಬಡಿದು ಮಾರುವ ದುಂಡವ್ವ ಬಂದು ನೆರವು ಕೇಳಿದ್ದಳು. ಅಮಾವಾಸ್ಯೆಯೊಳಗೆ ಬಾಡಿಗೆ ಕೊಡದಿದ್ದರೆ ಮನೆ ಬಿಡು ಎಂದು ಮಾಲೀಕ ಹೇಳಿದ್ದ. ಅಡವಯ್ಯ ಅವಳ ಮನೆಗೆ ಹೋಗಿ ನೋಡಿದ. ಒಲೆ ಉರಿಯುತ್ತಿತ್ತು. ಬುಟ್ಟಿಯಲ್ಲಿ ರೊಟ್ಟಿಗಳಿದ್ದವು. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. "ನಿನಗಿಂತ ಬಡವರು ಇದ್ದಾರೆ ತಾಯಿ" ಎಂದು ಹೇಳಿ ಬಂದಿದ್ದ. ಹೇಳಿ ಬಂದ ಮೇಲೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

"ಕೂತುಕೋ" ಎಂದರು ಗುರುಗಳು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ನೇಕಾರರ ಓಣಿ ಇತ್ತು. ಮನೆಗಳು ಬಾಡಿಗೆಯವು, ಮಗ್ಗಗಳು ನೇಕಾರರವು. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಮನೆ ಬಿಡುವುದೆಂದರೆ ಮಗ್ಗ ಬಿಚ್ಚಬೇಕು, ಅರ್ಧ ನೇಯ್ದ ಸೀರೆಯನ್ನು ಅಲ್ಲಿಗೇ ಕತ್ತರಿಸಬೇಕು.

ಅವರಿಗೆ ಮಳೆಗಾಲವೇ ಕಷ್ಟದ ಕಾಲ. ನೂಲಿಗೆ ಗಂಜಿ ಹಾಕಿ ಓಣಿಯುದ್ದಕ್ಕೂ ಎಳೆದು ಒಣಗಿಸಬೇಕು. ಬಿಸಿಲು ಬೀಳದಿದ್ದರೆ ನೂಲು ಒಣಗದು, ಸೀರೆ ತಡವಾಗುತ್ತದೆ, ಬಾಡಿಗೆ ಹಿಂದೆ ಬೀಳುತ್ತದೆ. ಇದನ್ನು ಕೇಳಿದ ಪರವೂರಿನ ಒಬ್ಬ ವರ್ತಕ ಒಂದು ದತ್ತಿ ಇಟ್ಟ. ಕಟ್ಟಲಾಗದವರ ಬಾಡಿಗೆ ಅದರಿಂದ ಸಲ್ಲಬೇಕು. ಹಂಚಲು ಒಬ್ಬ ಪಾರುಪತ್ಯಗಾರನನ್ನು ನೇಮಿಸಿದ.

ಪಾರುಪತ್ಯಗಾರ ಪ್ರಾಮಾಣಿಕ. ಹಣ ತಪ್ಪಿಯೂ ಅನರ್ಹರ ಕೈ ಸೇರಬಾರದೆಂಬುದು ಅವನ ಹಟ. ನಿಜವಾದ ಬಡವರನ್ನು ಗುರುತಿಸಲು ಅವನೇ ಒಂದು ಉಪಾಯ ಕಂಡುಕೊಂಡ. ಮಗ್ಗ ನಡೆಯುತ್ತಿದ್ದರೆ ಆ ಮನೆಯಲ್ಲಿ ಸಂಪಾದನೆ ಇದೆ, ನಿಂತಿದ್ದರೆ ಇಲ್ಲ. ಯಾರ ಬಾಯಿಮಾತನ್ನೂ ನಂಬಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ತಿಂಗಳ ಮೊದಲ ವಾರದಲ್ಲಿ ಯಾವುದೋ ಒಂದು ದಿನ, ಮುಂಚಿತವಾಗಿ ಹೇಳದೆ, ಅವನು ಓಣಿಯಲ್ಲಿ ನಡೆದುಹೋಗುತ್ತಿದ್ದ. ಸದ್ದಿಲ್ಲದ ಮನೆಯ ಬಾಗಿಲು ತಟ್ಟಿ ಬಾಡಿಗೆ ಕೊಡುತ್ತಿದ್ದ. ಈ ಉಪಾಯ ಓಣಿಯವರಿಗೆ ಮೊದಮೊದಲು ಗೊತ್ತಿರಲಿಲ್ಲ; ತಿಳಿದ ಮೇಲೆ ಅವನಿಗೆ ಕಿವಿಯಪ್ಪ ಎಂದು ಹೆಸರಿಟ್ಟರು.

ಓಣಿಯ ಕೊನೆಯ ಮನೆಯಲ್ಲಿ ಒಬ್ಬ ನೇಕಾರ ಹೆಂಗಸು ಒಬ್ಬಳೇ ಇದ್ದಳು. ಅವಳ ಬಾಡಿಗೆ ಆಗಲೇ ಹಿಂದೆ ಬಿದ್ದಿತ್ತು. ಆ ಮನೆಯನ್ನು ಉಪ್ಪು ತುಂಬಿಡಲು ಕೊಡುವ ಯೋಚನೆ ಮಾಲೀಕನಿಗಿತ್ತು. ಮೊದಲ ತಿಂಗಳು ಪಾರುಪತ್ಯಗಾರ ಬಂದಾಗ ಅವಳು ನೇಯುತ್ತಿದ್ದಳು. ಚಪ್ಪಲಿಯ ಸದ್ದು ಬಾಗಿಲ ತನಕ ಬಂದು ಹಾಗೇ ಹಿಂತಿರುಗಿತು. ತಾನು ಸಾಕಷ್ಟು ದುಡಿಯುತ್ತಿಲ್ಲ ಎಂದು ಅವನಿಗೆ ಅನ್ನಿಸಿರಬೇಕು ಎಂದುಕೊಂಡಳು. ಎರಡನೆಯ ತಿಂಗಳು ಚಪ್ಪಲಿಯ ಸದ್ದು ಕೇಳಿದ್ದೇ ತಡ, ಓಣಿಯೆಲ್ಲ ಅದುರುವಂತೆ ಮಗ್ಗ ಬಡಿದಳು. ಅವನು ಬಾಗಿಲಲ್ಲಿ ಕಾಲನ್ನೂ ನಿಲ್ಲಿಸಲಿಲ್ಲ.

ಪಕ್ಕದ ಮನೆಯ ನೇಕಾರ ನಕ್ಕ. "ಎಂಥಾ ಶಾಣ್ಯಾಕಿ ಇದ್ದೀಯವ್ವಾ. ನಾ ಅವತ್ತ ಬಿದ್ಕೊಂಡು ನಿದ್ದಿ ಹೊಡ್ಯಾಕತ್ತಿದ್ದೆ. ಎಬ್ಬಿಸಿ ಬಾಡಿಗಿ ಕೊಟ್ಟು ಹೋದ."

ಆ ಮಾತು ಓಣಿಯಲ್ಲಿ ಹರಡಿತು. ಮೂರನೆಯ ತಿಂಗಳು ಹುಟ್ಟಿದ ದಿನವೇ ಮಗ್ಗಗಳು ನಿಂತವು. ಕಿವಿಯಪ್ಪ ಯಾವತ್ತು ಬರುತ್ತಾನೋ ಯಾರಿಗೂ ಗೊತ್ತಿಲ್ಲ, ಆದ್ದರಿಂದ ದಿನವೂ ನಿಂತವು. ಮಳೆ ಬಿಡುವು ಕೊಟ್ಟಿತ್ತು. ಬಿಸಿಲು ಚೆನ್ನಾಗಿತ್ತು, ನೂಲು ಒಣಗಿತ್ತು. ನೇಯುವವರು ಮಾತ್ರ ಕೈಕಟ್ಟಿ ಕೂತಿದ್ದರು.

ಪಾರುಪತ್ಯಗಾರ ಬಂದ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಸದ್ದೂ ಇಲ್ಲ. ದತ್ತಿ ಬಂದ ಮೇಲೆ ಬಡತನ ಹೆಚ್ಚಿತೇ ಎಂದು ಬೆರಗಾದ. ಆಮೇಲೆ, ಎಲ್ಲರೂ ಸೇರಿ ಮೋಸ ಮಾಡುತ್ತಿದ್ದಾರೆ ಎಂದು ಸಿಟ್ಟಾದ. ಕಳೆದ ಸಲ ಓಣಿ ಅದುರಿಸಿದ ಮಗ್ಗ ಅವನಿಗೆ ನೆನಪಿತ್ತು. ನೇರವಾಗಿ ಕೊನೆಯ ಮನೆಯೊಳಗೆ ಹೋದ.

ಹೆಂಗಸು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೈಯಲ್ಲಿ ಲಾಳಿ ಇತ್ತು. ಮುಂದೆ ಅರ್ಧ ನೇಯ್ದ ಸೀರೆ ಇತ್ತು.

"ಎಲ್ಲಾ ಸರಿ ಐತಲ್ಲವ್ವಾ. ಮಗ್ಗ ಯಾಕ ನಿಲ್ಲಿಸೀದಿ?"

"ನೀವು ಬರ್ತೀರಂತ ನಿಲ್ಲಿಸೀನ್ರಿ. ನಡಿಸಿದ್ರ ನಿಮಗ ಕೇಳತೈತಿ. ಕೇಳಿದ್ರ ಬಾಡಿಗಿ ಇಲ್ಲ. ಬಾಡಿಗಿ ಇಲ್ಲಂದ್ರ ಅಮಾಸಿಗೆ ಮನಿ ಬಿಡಬೇಕು. ಮಗ್ಗ ಬಿಚ್ಚಿ ಹೊತ್ತೇನು. ಈ ಕುಣಿ ಹೊತ್ಕೊಂಡು ಹೋಗಾಕ ಬರ್ತೈತೇನ್ರಿ?"

ಪಾರುಪತ್ಯಗಾರ ಕುಣಿಯನ್ನು ನೋಡಿದ. ಅವಳ ಪಾದಗಳು ಊರಿದ್ದ ಕಡೆ ನೆಲ ನುಣ್ಣಗಾಗಿತ್ತು. ಸೀರೆಯನ್ನು ನೋಡಿದ. ಇಷ್ಟು ಹೊತ್ತಿಗೆ ಅದು ಮುಗಿದು ಮಾರಾಟವಾಗಿ, ಬಾಡಿಗೆಯ ಒಂದು ಪಾಲಾದರೂ ಸಲ್ಲಬೇಕಿತ್ತು. ಅದನ್ನು ನಿಲ್ಲಿಸಿದ್ದು ಮಳೆಯಲ್ಲ, ತನ್ನ ಚಪ್ಪಲಿಯ ಸದ್ದು ಎಂದು ಅವನಿಗೆ ತಿಳಿಯಿತು. ಅವನ ಸಿಟ್ಟು ಇಳಿಯಿತು.

"ನಡಸವ್ವಾ" ಎಂದ.

"ಕೇಳತೈತ್ರಿ."

"ಕೇಳಲಿ."

ಅವಳು ಲಾಳಿ ಎಸೆದು ನೇಯತೊಡಗಿದಳು. ಸದ್ದು ಕೇಳಿ ಪಕ್ಕದ ಮನೆಯವನು ಗಾಬರಿಯಿಂದ ಬಾಗಿಲಿಗೆ ಬಂದ, ಪಾರುಪತ್ಯಗಾರನನ್ನು ಕಂಡು ಒಳಗೆ ಸರಿದ. ಪಾರುಪತ್ಯಗಾರ ಅಲ್ಲಿಂದ ಹೊರಟವನು ಮಾಲೀಕನ ಮನೆಗೆ ಹೋಗಿ ಅವಳ ಬಾಡಿಗೆ ಕಟ್ಟಿದ. ಉಪ್ಪಿನ ಮೂಟೆಗಳು ಬೇರೆ ಜಾಗ ಹುಡುಕಿಕೊಂಡವು.

ಮುಂದಿನ ತಿಂಗಳಿಂದ ಅವನು ಹೊರಗೆ ನಿಂತು ಆಲಿಸುವುದನ್ನು ಬಿಟ್ಟ. ಬರುವ ದಿನವನ್ನು ಮೊದಲೇ ಹೇಳಿ ಕಳಿಸಿದ. ಮಗ್ಗಗಳು ನಡೆಯುತ್ತಿರುವಾಗಲೇ ಮನೆಮನೆಯ ಬಾಗಿಲಲ್ಲಿ ನಿಂತು, "ಈ ತಿಂಗಳ ಬಾಡಿಗಿ ಆಗತೈತೋ ಇಲ್ಲೋ?" ಎಂದು ಕೇಳಿದ. ಎಲ್ಲರೂ ಕೈಯೊಡ್ಡುತ್ತಾರೆಂದು ಅವನು ಅಂಜಿದ್ದ. ಹೆಚ್ಚಿನವರು ಲಾಳಿ ನಿಲ್ಲಿಸದೆಯೇ "ಆಗತೈತ್ರಿ, ಮುಂದ ಹೋಗ್ರಿ" ಎಂದರು. ಆಗುವುದಿಲ್ಲ ಎಂದವರಿಗೆ ಕೊಟ್ಟ. ಬಾಡಿಗೆ ಹಿಂದೆ ಬೀಳುವ ಮೊದಲೇ ಕೊಟ್ಟಿದ್ದರಿಂದ ಸ್ವಲ್ಪವೇ ಸಾಕಾಯಿತು. ನಿದ್ದೆ ಹೊಡೆದವನು ಕೂಡ ಆ ತಿಂಗಳು "ನಂದು ಆಗತೈತಿ" ಎಂದ.

ವರುಷ ಕಳೆದು ವರ್ತಕ ತನ್ನ ದತ್ತಿ ಏನಾಯಿತೆಂದು ನೋಡಲು ಬಂದ. ಓಣಿಯ ನಡುವೆ ನಿಂತ. ಮಾತು ಕೇಳಿಸದಷ್ಟು ಮಗ್ಗಗಳ ಸದ್ದು. "ಇವರೆಲ್ಲ ಸುಖವಾಗಿಯೇ ಇದ್ದಾರಲ್ಲ. ನನ್ನ ದತ್ತಿ ಮುಟ್ಟಿದ ಬಡವರೆಲ್ಲಿ?" ಎಂದು ಕೂಗಿ ಕೇಳಿದ.

"ಇವರೇ" ಎಂದ ಪಾರುಪತ್ಯಗಾರ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಇನ್ನೇನೋ ಕೇಳಲು ಬಾಯಿ ತೆರೆದ.

"ದುಂಡವ್ವನ ಒಲೆ ಆರುವ ತನಕ ಕಾಯೋಣವೇ, ಅಡವಯ್ಯ?" ಎಂದರು ಗುರುಗಳು.

ಅಡವಯ್ಯ ಎದ್ದು ದತ್ತಿಯ ಹಣ ತೆಗೆದುಕೊಂಡು, ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊರಟ. ದಾರಿಯಲ್ಲಿ, ದುಂಡವ್ವನ ಮನೆ ಕಾಣುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅವನ ಹೆಜ್ಜೆ ಹಗುರವಾಯಿತು.

ಆ ಅಮಾವಾಸ್ಯೆಗೆ ಊರಿನಲ್ಲಿ ಖಾಲಿಯಾದ ಬಾಡಿಗೆ ಮನೆಗಳು ಸೊನ್ನೆ.