ಗಾಣದ ಮಿಸ್ತ್ರಿ ಹೇಳಿದ ಸುಳ್ಳು

"ಗುರುಗಳೇ, ತಪ್ಪನ್ನು ತನ್ನ ಮೇಲೆಯೇ ಹೊತ್ತುಕೊಂಡು, ಇನ್ನೊಬ್ಬರನ್ನು ಕಾಪಾಡಲು ಹೇಳಿದ ಸುಳ್ಳಿಗೂ ಪಾಪವುಂಟೇ?" ಎಂದು ಶಿಷ್ಯ ಕೇಳಿದ. ಇಲ್ಲವೆಂಬ ಉತ್ತರವನ್ನು ಅವನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಗುರುಗಳು ಕತೆ ಹೇಳಿದರು.

ಒಂದು ಆಲೆಮನೆಯಲ್ಲಿ ಒಬ್ಬ ಮಿಸ್ತ್ರಿ ಇದ್ದ. ಗಾಣ ತಿರುಗಿಸುವ ಮೋಟಾರಿನ ವೇಗ ಅವನ ಕೈಯಲ್ಲಿತ್ತು. ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದವಳು ಗಂಡನಿಲ್ಲದ ಒಬ್ಬ ಹೆಂಗಸು. ಅವಳಿಗೆ ಕಣ್ಣು ಮಂಜಾಗುತ್ತಿತ್ತು. ಅದು ಅವರಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವಳು ಕಬ್ಬಿನ ಕೊನೆಯ ತುಂಡುಗಳನ್ನು ತಳ್ಳುವಾಗ ಮೋಟಾರಿನ ಲೋಡು ಇಳಿಯುತ್ತಿತ್ತು, ಬೆರಳು ರೋಲರಿನ ಹತ್ತಿರ ಹೋಗುತ್ತಿತ್ತು. ಆಗೆಲ್ಲ ಮಿಸ್ತ್ರಿ ಮೋಟಾರನ್ನು ನಿಧಾನ ಮಾಡುತ್ತಿದ್ದ.

ಮೋಟಾರಿನ ವೇಗವನ್ನು ತಾನೇ ನೋಡಿಕೊಳ್ಳುವ ಹೊಸ ನಿಯಂತ್ರಕವನ್ನು ಮಾಲೀಕ ತಂದ. ಅದರೊಳಗೆ ಮೆದುಳಿನಂಥ ನರಜಾಲವಿದೆ, ಮನುಷ್ಯ ಮಾಡಿದ್ದನ್ನು ಅನುಸರಿಸಿ ಕಲಿಯುತ್ತದೆ ಎಂದು ಅದನ್ನು ಕೂರಿಸಿದ ಇಂಜಿನಿಯರು ಹೇಳಿದ. ಕಲಿಯುವುದೇನೋ ನಿಜ, ಕಣ್ಣು ಮಾತ್ರ ಇರಲಿಲ್ಲ. ಮೋಟಾರು ಎಷ್ಟು ಕರೆಂಟು ಎಳೆಯಿತು, ಮಿಸ್ತ್ರಿ ಎಷ್ಟು ವೇಗ ಇಟ್ಟ, ಇಷ್ಟೇ ಅದರ ಪಾಠ. ಒಂದು ಹಂಗಾಮು ಪೂರ್ತಿ ಕಲಿಯಿತು. ಪರೀಕ್ಷೆಯ ದಿನ ಲೋಡು ಇಳಿದೊಡನೆ ತಾನಾಗಿಯೇ ನಿಧಾನವಾಯಿತು. ಮಿಸ್ತ್ರಿ ಅದರ ಪೆಟ್ಟಿಗೆಯನ್ನೊಮ್ಮೆ ಮೆಲ್ಲಗೆ ತಟ್ಟಿದ.

ಮಾಲೀಕನಿಗೆ ಮೈ ಉರಿಯಿತು. "ಲೋಡ್ ಇಳಿದಾಗ ಮೋಟ್ರು ಓಡೋದ್ ಬಿಟ್ಟು ತೂಕಡಿಸ್ತದಲ್ಲಯ್ಯ! ಇದನ್ಯಾಕೆ ಕಲಿಸ್ದೆ?"

ನಿಜ ಹೇಳಿದ್ದರೆ ಅವಳನ್ನು ಅಂದೇ ಮನೆಗೆ ಕಳಿಸುತ್ತಿದ್ದರು. ಮಿಸ್ತ್ರಿ ತಲೆ ತಗ್ಗಿಸಿದ. "ನಂದೇ ತಪ್ಪು ಯಜಮಾನ್ರೇ. ವಯಸ್ಸಾಯ್ತು, ಕೈ ನಡುಗ್ತದೆ."

ಇಂಜಿನಿಯರು ಮಿಸ್ತ್ರಿ ವೇಗ ತಗ್ಗಿಸಿದ್ದನ್ನೆಲ್ಲ ಕೈ ನಡುಕವೆಂದೇ ನಂಬಿ, ಯಂತ್ರದ ಪಾಠದಿಂದ ಹುಡುಕಿ ಹುಡುಕಿ ತೆಗೆದು ಹಾಕಿದ. ಲೋಡು ಇಳಿದಾಗ ಓಡುವುದನ್ನು ಯಂತ್ರಕ್ಕೆ ಹೊಸದಾಗಿ ಕಲಿಸಿದ. ಕೈ ನಡುಗುವ ಮಿಸ್ತ್ರಿ ಇನ್ನು ಯಾರಿಗೆ ಬೇಕು? ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿಕೊಟ್ಟರು. ತನ್ನ ಕೆಲಸ ಹೋದರೂ ಅವಳದು ಉಳಿಯಿತಲ್ಲ ಎಂದು ಅವನು ಸಮಾಧಾನದಿಂದಲೇ ಹೋದ.

ಮುಂದಿನ ಹಂಗಾಮಿನ ಮೂರನೆಯ ದಿನ ಅವಳ ಬಲಗೈ ಗಾಣಕ್ಕೆ ಸಿಕ್ಕಿತು.

ಮಿಸ್ತ್ರಿ ಆಸ್ಪತ್ರೆಗೆ ಓಡಿದ. ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

"ಹೊಸ ಮಿಷನ್ನು ನಿನ್ನ ಹತ್ರಾನೇ ಕಲ್ತಿದ್ದು ಅಂದ್ರಲ್ಲಣ್ಣ," ಎಂದಳು. "ಅದ್ಕೇ ನಂಬಿ ಕೈ ಇಟ್ಟೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆದರೂ ಅವನು ಆ ಸುಳ್ಳು ಹೇಳಿದ್ದು ಅವಳಿಗಾಗಿಯೇ ಅಲ್ಲವೇ?" ಎಂದ.

"ಅವಳಿಗಾಗಿಯೇ ಹೇಳಿದ, ಯಂತ್ರ ಅದನ್ನು ನಿಜವೆಂದು ಕಲಿಯಿತು."